ಪಂಖ ತಿರುಗಿಸಿದ ದಿನ

ತಾಪಿ ನದಿ ಉಕ್ಕಿ ಸೂರತ್ ನೀರಿನಡಿ ಹೋದ ವಾರ ನಾನು ವಡೋದರೆಯ ಒಂದು ಸರ್ಕಾರಿ ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ಕಿರಿಯ ಡಾಕ್ಟರಾಗಿದ್ದೆ. ಅರವತ್ತರ ದಶಕದ ಕೊನೆಯ ಭಾಗ. ಒಂದು ಬೆಳಿಗ್ಗೆ ಸೂಪರಿಂಟೆಂಡೆಂಟರು ಕರೆಸಿದರು. ಸೂರತ್‌ನ ಹೊರಗೆ ಎತ್ತರದ ಬಯಲಿನಲ್ಲಿ ಪರಿಹಾರ ಶಿಬಿರ ಹಾಕಿದ್ದಾರೆ, ನೀರಿನ ಜೊತೆ ಬಂದ ಹಾವುಗಳು ಜನರನ್ನು ಕಚ್ಚುತ್ತಿವೆ, ವಿಷಕ್ಕೆ ಕೊಡುವ ಸೀರಂ ಅಲ್ಲಿ ಮುಗಿದಿದೆ ಎಂದರು. ರೈಲು ನಿಂತಿತ್ತು. ರಸ್ತೆ ಕೊಚ್ಚಿಹೋಗಿತ್ತು. ಊರಿನ ಫ್ಲೈಯಿಂಗ್ ಕ್ಲಬ್ಬಿನವರು ಒಂದು ಸಣ್ಣ ವಿಮಾನ ಕಳಿಸಲು ಒಪ್ಪಿದ್ದರು.

"ಪೈಲಟ್ ಬಿಟ್ಟರೆ ಇನ್ನೊಬ್ಬರಿಗೆ ಮಾತ್ರ ಜಾಗ. ತೂಕ ಕಡಿಮೆ ಇರುವ ಡಾಕ್ಟರು ಬೇಕಂತೆ," ಎಂದು ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಹೀಗೆ ನನ್ನ ಆಯ್ಕೆಯಾದದ್ದು ವಿದ್ಯೆಗಲ್ಲ, ತೂಕಕ್ಕೆ. ನನ್ನ ಗಂಡ ರೈಲ್ವೆಯವರು. ನಿಂತುಹೋದ ಗಾಡಿಗಳ ಜನರನ್ನು ಸಂಭಾಳಿಸುತ್ತ ಅಹಮದಾಬಾದಿನ ಮಣಿನಗರ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದಿದ್ದರು. ಫೋನಿನಲ್ಲಿ ಅವರು ಸಿಗಲಿಲ್ಲ. ಪುಟ್ಟ ಮಗಳನ್ನು, ಎಲ್ಲರೂ ಬಾ ಎಂದು ಕರೆಯುವ ನೆರೆಮನೆಯ ಅಜ್ಜಿಯ ಕೈಗೆ ಒಪ್ಪಿಸಿದೆ. ಆ ಮುದುಕಿಗೂ ಎಲ್ಲಿಗೆ, ಹೇಗೆ ಹೋಗುತ್ತೇನೆಂದು ಪೂರ್ತಿ ಹೇಳುವ ಧೈರ್ಯ ನನಗಾಗಲಿಲ್ಲ.

ಕ್ಲಬ್ಬಿನ ಹ್ಯಾಂಗರಿನ ಮುಂದೆ ನಿಂತಿದ್ದದ್ದು ಯುದ್ಧಕಾಲದ ತರಬೇತಿ ವಿಮಾನ. ಮೇಲೊಂದು ಕೆಳಗೊಂದು ರೆಕ್ಕೆ, ಅವುಗಳ ನಡುವೆ ತಂತಿ, ಮೈಗೆಲ್ಲ ಬಣ್ಣ ಬಳಿದ ಬಟ್ಟೆ. ಒಂದರ ಹಿಂದೊಂದು ಎರಡು ಸೀಟು, ಮೇಲೆ ಮುಚ್ಚಿಗೆ ಇಲ್ಲ. ಮೂಗಿನ ತುದಿಯಲ್ಲಿ ನನಗಿಂತ ಎತ್ತರದ ಮರದ ಪಂಖ. ನನಗೇ ಗೊತ್ತಿಲ್ಲದೆ ಬಾಯಿಂದ ಹೊರಟಿತು: "ಅಯ್ಯ ದೇವರ, ಇದು ಹಾರತದೇನ?"

"ಹಾರುತ್ತೆ ಡಾಕ್ಟ್ರೇ. ಶುರುವಾಗೋದೇ ಸ್ವಲ್ಪ ಕಷ್ಟ," ಎಂದು ಹಿಂದಿನಿಂದ ಕನ್ನಡದಲ್ಲೇ ಉತ್ತರ ಬಂತು.

ಕ್ಲಬ್ಬಿನ ಪೈಲಟ್ ಮೈಸೂರು ಕಡೆಯವರು. ನಡುವಯಸ್ಸು ದಾಟಿತ್ತು, ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ನಾನು ಧಾರವಾಡದವಳು ಎಂದು ಕೇಳಿ ಅವರಿಗೆ ಸಂತೋಷವಾಯಿತು. ನನಗೆ ಸಂತೋಷಪಡುವಷ್ಟು ಉಸಿರಿರಲಿಲ್ಲ.

ಆ ವಿಮಾನಕ್ಕೆ ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ, ಬ್ರೇಕೂ ಇಲ್ಲ. ಒಬ್ಬರು ಮುಂದೆ ನಿಂತು ಪಂಖವನ್ನು ಕೈಯಿಂದ ಎಳೆದು ತಿರುಗಿಸಬೇಕು, ಇನ್ನೊಬ್ಬರು ಒಳಗೆ ಕುಳಿತು ಸ್ವಿಚ್ಚು ಮತ್ತು ಎಂಜಿನ್ ವೇಗದ ಹಿಡಿಯಾದ ಥ್ರಾಟಲ್ ನೋಡಿಕೊಳ್ಳಬೇಕು. ಚಕ್ರಕ್ಕೆ ಮರದ ಅಡ್ಡಗಟ್ಟೆ. ವಡೋದರೆಯಲ್ಲಿ ಪಂಖ ತಿರುಗಿಸಲು ಮಿಸ್ತ್ರಿ ಇದ್ದ. ಸೂರತ್‌ನಲ್ಲಿ ಯಾರೂ ಇರುವುದಿಲ್ಲ.

"ಅಲ್ಲಿ ನಾನು ತಿರುಗಿಸ್ತೀನಿ. ಒಳಗೆ ನೀವು ಕೂರ್ಬೇಕು," ಎಂದರು ಕ್ಯಾಪ್ಟನ್.

ಅದಕ್ಕಾಗಿ ನನಗೆ ಪಾಠವಾಯಿತು. ಸ್ವಿಚ್ಚುಗಳು ಎರಡೂ ಸೀಟಿನ ಪಕ್ಕದಲ್ಲಿ, ವಿಮಾನದ ಹೊರಮೈ ಮೇಲೆ ಇದ್ದವು. ಮುಂದೆ ನಿಂತವನು ತನ್ನ ಕಣ್ಣಿಂದಲೇ ನೋಡಲಿ ಎಂದು ಹಾಗೆ ಮಾಡಿದ್ದಂತೆ. ಕೆಳಗಿದ್ದರೆ ಆಫ್, ಮೇಲಿದ್ದರೆ ಆನ್. ಮಿಸ್ತ್ರಿ ಕಾರ್ಬ್ಯುರೇಟರಿಗೆ ಪೆಟ್ರೋಲ್ ತುಂಬಿಸಿ, ಕೊಳವೆಯಿಂದ ಹನಿ ಬೀಳುವುದನ್ನು ತೋರಿಸಿದ. ಆಮೇಲೆ ಮುಂದೆ ನಿಂತು ಕೂಗಿದ: "ಸ್ವಿಚ್ ಆಫ್?" ನಾನು ನೋಡಿ, ಮುಟ್ಟಿ, "ಸ್ವಿಚ್ ಆಫ್" ಎನ್ನಬೇಕು. ಅವನು ಪಂಖವನ್ನು ನಿಧಾನವಾಗಿ ತಿರುಗಿಸಿ ಎಂಜಿನ್ನಿಗೆ ಪೆಟ್ರೋಲ್ ಎಳೆಸುತ್ತಾನೆ. ಆಮೇಲೆ "ಥ್ರಾಟಲ್ ಸೆಟ್?" ಎಂದರೆ, ಥ್ರಾಟಲ್ ಕೂದಲೆಳೆಯಷ್ಟೇ ತೆರೆದಿದೆ ಎಂದು ಖಾತ್ರಿ ಮಾಡಿಕೊಂಡು ಉತ್ತರಿಸಬೇಕು. ಕೊನೆಗೆ ಅವನು "ಕಾಂಟ್ಯಾಕ್ಟ್" ಎಂದಾಗ ನಾನು "ಕಾಂಟ್ಯಾಕ್ಟ್" ಎಂದು ಸ್ವಿಚ್ಚು ಮೇಲೆತ್ತಬೇಕು. ಅಲ್ಲಿಂದ ಮುಂದೆ ಪಂಖವನ್ನು ಮುಟ್ಟಿದರೂ ಎಂಜಿನ್ ಹೊತ್ತಿಕೊಳ್ಳಬಹುದು.

"ಬೇನ್," ಎಂದ ಮಿಸ್ತ್ರಿ, ಅಕ್ಕಾ ಎನ್ನುವ ಹಾಗೆ, ಹಿಂದಿಯಲ್ಲಿ, "ಬಾಯಿ ಆಫ್ ಅಂದು ಕೈ ಆನ್ ಮಾಡಿದರೆ ಈ ತಲೆ ಅಲ್ಲಿ ಬೀಳುತ್ತದೆ." ತನ್ನ ತಲೆ ತೋರಿಸಿ, ಹುಲ್ಲನ್ನು ತೋರಿಸಿದ. ನಗಲಿಲ್ಲ.

ಆಪರೇಷನ್ ಥಿಯೇಟರಿನಲ್ಲಿ ಇನ್ನೊಬ್ಬರ ಜೀವ ಕೈಯಲ್ಲಿ ಹಿಡಿದು ನಿಂತವಳು ನಾನು. ಆದರೂ ಆ ಪುಟ್ಟ ಹಿತ್ತಾಳೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟಾಗ ಅದು ಕೆಳಗಿದೆಯೆಂದು ಎರಡೆರಡು ಸಲ ನೋಡಿದೆ.

ಹಾರಿದ್ದರ ಬಗ್ಗೆ ಹೇಳಲು ಹೆಚ್ಚಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಸೀರಂ ಪೆಟ್ಟಿಗೆಯನ್ನು ಮಡಿಲಲ್ಲಿ ಅಪ್ಪಿಕೊಂಡು, ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದೆ. ಒಮ್ಮೆ ತೆರೆದಾಗ ಕೆಳಗೆ ನೆಲವೇ ಇರಲಿಲ್ಲ. ಕಂದು ನೀರು, ಅದರಲ್ಲಿ ಮರಗಳ ತಲೆ, ಒಂದು ಗುಡಿಯ ಶಿಖರ. ಮತ್ತೆ ಮುಚ್ಚಿಕೊಂಡೆ.

ಇಳಿದದ್ದು ದನ ಮೇಯಿಸುವ ಎತ್ತರದ ಬಯಲಿನಲ್ಲಿ. ಪಕ್ಕದಲ್ಲೇ ಶಿಬಿರ. ಟಾರ್ಪಾಲಿನ ಕೆಳಗೆ ಹಾವು ಕಚ್ಚಿದವರು ಸಾಲಾಗಿ ಮಲಗಿದ್ದರು. ಅಲ್ಲಿದ್ದ ಒಬ್ಬನೇ ಕಾಂಪೌಂಡರ್ ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡ. ಕೆಲಸ ಶುರುವಾದ ಮೇಲೆ ಭಯ ಸ್ವಲ್ಪ ಹಿಂದೆ ಸರಿಯಿತು. ನಾನು ರಾತ್ರಿ ಶಿಬಿರದಲ್ಲೇ ಉಳಿಯುವುದು, ಕ್ಯಾಪ್ಟನ್ ಒಬ್ಬರೇ ಹಿಂದಿರುಗಿ ಮರುದಿನ ಇನ್ನಷ್ಟು ಔಷಧ ತರುವುದು ಎಂದು ಮಾತಾಗಿತ್ತು.

ಮಧ್ಯಾಹ್ನ ಒಬ್ಬ ಜರಿ ಕೆಲಸಗಾರನನ್ನು ಬಾಗಿಲಿನ ಹಲಗೆಯ ಮೇಲೆ ಹೊತ್ತು ತಂದರು. ಮೂವತ್ತರ ಆಸುಪಾಸಿನವನು. ಜೊತೆಗೆ ಹೆಂಡತಿ. ಹಾವು ಕಚ್ಚಿರಲಿಲ್ಲ. ನೀರಲ್ಲಿ ಮನೆಯ ಸಾಮಾನು ಎತ್ತಿ ಎತ್ತಿ, ತೊಡೆಸಂದಿನಲ್ಲಿ ಮೊದಲೇ ಇದ್ದ ಹರ್ನಿಯಾ ಹೊರಬಂದು ಸಿಕ್ಕಿಕೊಂಡಿತ್ತು. ಗಂಟು ಕಲ್ಲಿನಂತಾಗಿತ್ತು, ಹೊಟ್ಟೆ ಉಬ್ಬಿತ್ತು, ವಾಂತಿ ಹಸಿರಾಗಿತ್ತು. ಮಾರ್ಫಿಯಾ ಕೊಟ್ಟು, ಕಾಲಿನ ಕಡೆ ಹಲಗೆ ಎತ್ತರಿಸಿ, ಕರುಳನ್ನು ಮೆಲ್ಲಗೆ ಒಳಗೆ ತಳ್ಳಲು ನೋಡಿದೆ. ಸರಿಯಲಿಲ್ಲ. ಒಳಗೆ ಕರುಳಿಗೆ ರಕ್ತ ಹರಿಯುವುದು ನಿಂತಿತ್ತು. ಕತ್ತರಿಸಿ ಬಿಡಿಸಬೇಕು. ಸೂರತ್‌ನ ಆಸ್ಪತ್ರೆಯ ನೆಲಮಾಳಿಗೆಯೂ ಥಿಯೇಟರೂ ನೀರಲ್ಲಿದ್ದವು. ದೋಣಿಯಲ್ಲಿ ಹೋಗಿ ರಸ್ತೆ ಹುಡುಕಿ ವಡೋದರೆ ಮುಟ್ಟುವಷ್ಟರಲ್ಲಿ ಕರುಳು ಕೊಳೆತುಹೋಗುತ್ತಿತ್ತು.

ಕ್ಯಾಪ್ಟನ್ನರ ಬಳಿ ಓಡಿದೆ. "ಅಂವನ್ನ ಮುಂದಿನ ಸೀಟಿನ್ಯಾಗ ಕರಕೊಂಡು ಹೋಗ್ರಿ. ಸಂಜಿ ತನಕ ಕಾಯಾಕ ಆಗೂದಿಲ್ರಿ."

ಅವರು ದಕ್ಷಿಣದ ಮೋಡ ನೋಡಿದರು. "ಹಾಗಾದ್ರೆ ಈಗಲೇ ಹೊರಡ್ಬೇಕು."

ಮುಂದಿನ ಸೀಟಿನಲ್ಲಿದ್ದ, ವಿಮಾನ ನಡೆಸುವ ಸ್ಟಿಕ್ ಕಳಚಿ ತೆಗೆದು, ರೋಗಿಯನ್ನು ಕಂಬಳಿ ಸಮೇತ ಕೂರಿಸಿ ಬೆಲ್ಟ್ ಬಿಗಿದೆವು. ಏನನ್ನೂ ಮುಟ್ಟಬಾರದು ಎಂದು ಗುಜರಾತಿಯಲ್ಲಿ ಮತ್ತೆ ಮತ್ತೆ ಹೇಳಿದೆ. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಎಂಜಿನ್ ಹೊತ್ತಿದ ಮೇಲೆ ನಾನು ಇಳಿದು, ಕ್ಯಾಪ್ಟನ್ ಹತ್ತುವುದು ಎಂದು ಲೆಕ್ಕ. ಶಿಬಿರದ ಜನರೆಲ್ಲ ಸುತ್ತ ನೆರೆದು ಗಲಾಟೆ ಮಾಡುತ್ತಿದ್ದರು. ಸ್ವಿಚ್ ಆಫ್, ಥ್ರಾಟಲ್ ಸೆಟ್, ಕಾಂಟ್ಯಾಕ್ಟ್. ಎಲ್ಲ ಸರಿಯಾಗಿ ಹೇಳಿದೆ. ಕ್ಯಾಪ್ಟನ್ ಪಂಖ ಎಳೆದರು.

ಎಂಜಿನ್ ಕೆಮ್ಮಿತು, ಆದರೆ ತಿರುಗಬೇಕಾದ ಕಡೆ ತಿರುಗಲಿಲ್ಲ. ಪಂಖ ಹಿಮ್ಮುಖವಾಗಿ ಒದೆಯಿತು. ದಪ್ಪ ಕೋಲು ಮುರಿದಂಥ ಸದ್ದು. ಕ್ಯಾಪ್ಟನ್ ಹಿಂದಕ್ಕೆ ಬಿದ್ದು ಹುಲ್ಲಿನ ಮೇಲೆ ಕುಳಿತುಬಿಟ್ಟರು. ನನ್ನ ಕೈ ತಾನಾಗಿಯೇ ಸ್ವಿಚ್ಚನ್ನು ಕೆಳಗೆಳೆದಿತ್ತು.

ಬಲ ಮಣಿಕಟ್ಟು, ಹೆಬ್ಬೆರಳಿನ ಬದಿ. ಹ್ಯಾಂಡಲ್ ಹಾಕಿ ಕಾರು ತಿರುಗಿಸುವ ಡ್ರೈವರುಗಳಿಗೆ ಆಗುತ್ತದೆಂದು ನಾವು ಪುಸ್ತಕದಲ್ಲಿ ಓದಿದ್ದ ಮುರಿತ. ಅದಕ್ಕೆ ಶೋಫರ್ ಫ್ರ್ಯಾಕ್ಚರ್ ಎಂದೇ ಹೆಸರು. ಮೊದಲ ಬಾರಿ ಕಣ್ಣಾರೆ ಕಂಡೆ. ಔಷಧದ ಪೆಟ್ಟಿಗೆಯ ಮರದ ಪಟ್ಟಿ ಇಟ್ಟು ಕಟ್ಟಿದೆ. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮಾರ್ಫಿಯಾ ಬೇಡವೆಂದರು, ತಲೆ ನೆಟ್ಟಗಿರಬೇಕು ಎಂದು.

"ಎಡಗೈಯಲ್ಲಿ ಹಾರಿಸ್ತೀನಿ," ಎಂದರು. "ಮೇಲೆ ಹೋದ್ಮೇಲೆ ಥ್ರಾಟಲ್ ಹಿಡ್ಕೊಂಡೇ ಇರ್ಬೇಕಿಲ್ಲ. ಆದ್ರೆ ಪಂಖ ನನ್ನ ಕೈಲಾಗಲ್ಲ. ಯಾರಾದ್ರೂ ಬೇಕು."

ಕುಸ್ತಿಯಾಳಿನಂಥ ಮೈಕಟ್ಟಿನ ಒಬ್ಬ ಸ್ವಯಂಸೇವಕ ಮುಂದೆ ಬಂದ. ಕ್ಯಾಪ್ಟನ್ ಎರಡೂ ಸ್ವಿಚ್ಚು ಆಫ್ ಇದೆಯೆಂದು ನೋಡಿ, ಒಂದು ಸಲ ಸುಮ್ಮನೆ ತಿರುಗಿಸಿ ತೋರಿಸು ಎಂದರು. ಅವನು ಪಂಖದ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಎಳೆದ. ಎಳೆದ ರಭಸಕ್ಕೆ ಕೆಸರಲ್ಲಿ ಕಾಲು ಜಾರಿ ಮುಂದಕ್ಕೆ, ಪಂಖ ತಿರುಗುವ ಜಾಗಕ್ಕೇ ಮುಗ್ಗರಿಸಿದ. ಎದ್ದು ನಗುತ್ತ ಮೈ ಕೊಡವಿಕೊಂಡ. ಎಂಜಿನ್ ಹೊತ್ತಿದ್ದರೆ ಅವನ ಮೈಯಲ್ಲಿ ಎದ್ದೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

"ಇವನು ಬೇಡ," ಎಂದರು ಕ್ಯಾಪ್ಟನ್ ನನ್ನ ಕಡೆ ತಿರುಗಿ. "ಬಲ ಇದ್ದೋರು ಬಲ ಹಾಕ್ತಾರೆ. ಬಲ ಹಾಕಿದ್ರೆ ಮೈ ಮುಂದಕ್ಕೆ ಬರುತ್ತೆ. ಕೂಗಿದ್ದು ಅರ್ಥ ಆಗೋರು, ಹೇಳಿದಷ್ಟೇ ಮಾಡೋರು ಬೇಕು."  ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ನನಗೆ ಇಲ್ಲವೆನ್ನಲು ಸುಲಭವಾಗುತ್ತಿತ್ತು.

ನಾನು ರೋಗಿಯ ಕಡೆ ನೋಡಿದೆ. ಅವನು ಸೀಟಿನ ಅಂಚಿಗೆ ಹಣೆಯೊತ್ತಿಕೊಂಡಿದ್ದ. ಹೆಂಡತಿ ರೆಕ್ಕೆಯ ತಂತಿ ಹಿಡಿದು ನಿಂತಿದ್ದಳು. ಮನಸ್ಸಿಗೆ ನನ್ನ ಮಗಳು ಬಂದಳು. ಅಪ್ಪನಿಗೂ ಗೊತ್ತಿಲ್ಲದೆ, ನೆರೆಮನೆಯ ಅಜ್ಜಿಗೂ ಪೂರ್ತಿ ಹೇಳದೆ, ಸೂರತ್‌ನ ದನದ ಬಯಲಿನಲ್ಲಿ ಅವಳ ತಾಯಿ ಹೀಗೆ ಸತ್ತಳೆಂದು ಯಾರು ಹೋಗಿ ಹೇಳುತ್ತಾರೆ? ಒಂದು ಕಾರಣ ಹುಡುಕಿದೆ. ನಾನು ಹೆಂಗಸು, ಎತ್ತರ ಸಾಲದು, ಹಾವು ಕಚ್ಚಿದವರಿಗೆ ನಾನು ಬೇಕು. ಎಲ್ಲವೂ ನಿಜ. ಯಾವುದರಿಂದಲೂ ಆ ಗಂಟು ಮೆತ್ತಗಾಗುತ್ತಿರಲಿಲ್ಲ.

"ನಾ ಮಾಡ್ತೀನ್ರಿ," ಎಂದೆ. "ಆದ್ರ ನನಗ ಭಾಳ ಅಂಜಿಕಿ ಬರಾಕತ್ತದ. ಸಾವಕಾಶ ಹೇಳ್ರಿ."

"ಅಂಜಿಕೆ ಇರ್ಲಿ. ಸೀರೆ ಮಾತ್ರ ಇರ್ಬಾರ್ದು."

ಟಾರ್ಪಾಲಿನ ಹಿಂದೆ ಹೋಗಿ ಸ್ವಯಂಸೇವಕನ ಇನ್ನೊಂದು ಖಾಕಿ ಪ್ಯಾಂಟು ಹಾಕಿಕೊಂಡು, ಸೊಂಟಕ್ಕೆ ಬ್ಯಾಂಡೇಜ್ ಬಟ್ಟೆ ಬಿಗಿದೆ. ಜಡೆಯನ್ನು ಸುತ್ತಿ ತಲೆವಸ್ತ್ರದೊಳಗೆ ಸೇರಿಸಿದೆ. ಬಳೆ ತೆಗೆದೆ. ತಾಳಿಯ ಸರ ಜೋತಾಡುತ್ತಿತ್ತು. ಅದನ್ನು ತೆಗೆಯುವಾಗ ಬೆರಳು ಕೊಕ್ಕೆಗೆ ಸಿಗಲೇ ಇಲ್ಲ. ಜರಿ ಕೆಲಸಗಾರನ ಹೆಂಡತಿ ಬಂದು ಬಿಡಿಸಿದಳು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಕ್ಯಾಪ್ಟನ್ ಮೊದಲು ನನ್ನನ್ನು ಎಂಜಿನ್ನಿನ ಪಕ್ಕಕ್ಕೆ ಕರೆದೊಯ್ದರು. ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಒಳಗೆ ಒಂದು ಸ್ಪ್ರಿಂಗ್ ಇದೆ, ಶುರುಮಾಡುವಾಗ ಅದು ಕಿಡಿಯನ್ನು ತಡವಾಗಿಸುತ್ತದೆ. ಅದು ಸಿಕ್ಕಿಕೊಂಡರೆ ಕಿಡಿ ಬೇಗ ಬಂದು ಪಂಖ ಹಿಂದಕ್ಕೆ ಒದೆಯುತ್ತದೆ. ಕೆಲಸ ಮಾಡುತ್ತಿದ್ದರೆ ಪಂಖ ತಿರುಗಿಸುವಾಗ ಒಳಗೆ 'ಟಕ್' ಎಂದು ಕೇಳಬೇಕು. "ಗಲಾಟೆಯಲ್ಲಿ ನಾನು ಅದಕ್ಕೆ ಕಿವಿಗೊಡಲಿಲ್ಲ," ಎಂದರು.

ಜನರನ್ನೆಲ್ಲ ದೂರ ಕಳಿಸಿ ಸುಮ್ಮನಿರಿಸಿದೆವು. ಸ್ವಿಚ್ ಆಫ್ ಇಟ್ಟು ಪಂಖವನ್ನು ನಿಧಾನವಾಗಿ ತಿರುಗಿಸಿದೆ. ಟಕ್ ಇಲ್ಲ. ಅವರು ಹೇಳಿದಂತೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮ್ಯಾಗ್ನೆಟೊ ಮೇಲೆ ಬಡಿದೆ. ಮತ್ತೆ ತಿರುಗಿಸಿದೆ. ಇಲ್ಲ. ಇನ್ನಷ್ಟು ಬಡಿದು ಇನ್ನೊಮ್ಮೆ ತಿರುಗಿಸಿದಾಗ, ಒಳಗೆಲ್ಲೋ ಬೀಗ ಬಿದ್ದಂತೆ, ಟಕ್. ಮತ್ತೊಮ್ಮೆ, ಟಕ್.

ಆಮೇಲೆ ನಿಲ್ಲುವುದು ಹೇಗೆಂದು ಕಲಿಸಿದರು. ಬೆರಳು ಅಂಚಿನ ಹಿಂದಕ್ಕೆ ಮಡಚಬಾರದು, ಅಂಗೈಯನ್ನು ಚಪ್ಪಟೆಯಾಗಿ ಇಡಬೇಕು. ಒಂದು ಕಾಲಿನ ಮೇಲೆ ಭಾರ ಹಾಕಿ, ಎಳೆಯುತ್ತಲೇ ಹಿಂದಕ್ಕೆ ನಡೆದುಬಿಡಬೇಕು. ಎಳೆದು ನಿಲ್ಲುವುದಲ್ಲ, ಎಳೆಯುವುದೇ ಹೊರಡುವುದು. ಕೆಸರಿನ ಮೇಲೆ ಗೋಣಿಚೀಲ ಹಾಸಿಸಿ, ಖಾಲಿ ಕೈಯಲ್ಲಿ ಅದನ್ನೇ ಮತ್ತೆ ಮತ್ತೆ ಮಾಡಿಸಿದರು. ಆಮೇಲೆ ಒಂದು ಕೈಯಲ್ಲಿ ಹೇಗೋ ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತರು. ಸ್ವಯಂಸೇವಕ ರೆಕ್ಕೆಯ ತುದಿಯಾಚೆ ಅಡ್ಡಗಟ್ಟೆಯ ಹಗ್ಗ ಹಿಡಿದು ನಿಂತ.

"ಸ್ವಿಚ್ ಆಫ್?" ನನ್ನ ದನಿ ನನಗೇ ಕೇಳಲಿಲ್ಲ. ಮತ್ತೆ ಕೂಗಿದೆ.

"ಸ್ವಿಚ್ ಆಫ್."

ಪೆಟ್ರೋಲ್ ಎಳೆಸಿದೆ. "ಥ್ರಾಟಲ್ ಸೆಟ್?"

"ಥ್ರಾಟಲ್ ಸೆಟ್."

"ಕಾಂಟ್ಯಾಕ್ಟ್."

"ಕಾಂಟ್ಯಾಕ್ಟ್!"

ಸ್ವಿಚ್ಚುಗಳು ಮೇಲೆದ್ದದ್ದು ಕಂಡಿತು. ಅದುವರೆಗೆ ಮರದ ಹಲಗೆಯಾಗಿದ್ದ ಪಂಖ ಆ ಕ್ಷಣದಿಂದ ಬೇರೆಯದೇ ಆಯಿತು. ಕೈ ಮೇಲೇಳಲೊಲ್ಲದು. ಬಾಯಲ್ಲಿ ತುಕ್ಕಿನ ರುಚಿ. ಎಳೆದೆ, ಹಿಂದಕ್ಕೆ ಓಡಿದೆ. ಏನೂ ಆಗಲಿಲ್ಲ. ಮತ್ತೆ ಹೋಗಬೇಕು. ಹೋಗುವುದೇ ಕಷ್ಟ. ಎಳೆದೆ. ಇಲ್ಲ. ಇನ್ನೊಮ್ಮೆ. ಪುಸ್ ಎಂದು ಹೊಗೆ ಬಂತು, ಕೆಳಗಿನ ಕೊಳವೆಯಿಂದ ಪೆಟ್ರೋಲ್ ಸುರಿಯತೊಡಗಿತು.

"ನಿಲ್ಲಿ! ಸ್ವಿಚ್ ಆಫ್. ಪೆಟ್ರೋಲ್ ಜಾಸ್ತಿ ಕುಡಿದಿದೆ," ಎಂದು ಕೂಗಿದರು. "ಥ್ರಾಟಲ್ ಪೂರ್ತಿ ತೆರೀತೀನಿ. ಪಂಖವನ್ನ ಹಿಂದಕ್ಕೆ ತಿರುಗಿಸಿ, ಹೊರಗೆ ಹೋಗ್ಲಿ."

ಆಫ್ ಎಂದು ಕೇಳಿ, ಕಣ್ಣಿಂದ ನೋಡಿ, ಹಿಮ್ಮುಖವಾಗಿ ತಿರುಗಿಸಿದೆ. ತೋಳು ಬಿದ್ದುಹೋಗುವಂತಾಯಿತು. ಮುಂದಿನ ಸೀಟಿನಿಂದ ರೋಗಿ ನರಳುವುದು ಕೇಳುತ್ತಿತ್ತು. ಮಳೆಯ ಮೊದಲ ಹನಿಗಳು ರೆಕ್ಕೆಯ ಬಟ್ಟೆಯ ಮೇಲೆ ಟಪಟಪ ಎಂದವು.

"ಸಾಕು. ಕಾಂಟ್ಯಾಕ್ಟ್ ಅನ್ನಿ ಡಾಕ್ಟ್ರೇ, ಬೇಗ!"

ಪಂಖಕ್ಕೆ ಅಂಗೈ ಇಟ್ಟೆ. ಬಾಯಿ ತೆರೆದೆ. ಆದರೆ ನಡುವೆ ಒಂದು ಕೂಗು ಬಿಟ್ಟುಹೋಗಿದೆ ಎನಿಸಿತು. ಧೈರ್ಯದಿಂದ ಹೊಳೆದದ್ದಲ್ಲ ಅದು. ಹೆದರಿದವಳಿಗೆ ಕಲಿಸಿದ್ದನ್ನು ಬಿಟ್ಟು ಬೇರೇನೂ ಹಿಡಿದುಕೊಳ್ಳಲು ಇರಲಿಲ್ಲ. ಕೈ ತೆಗೆದು ಹಿಂದೆ ಸರಿದೆ.

"ಥ್ರಾಟಲ್ ಮುಚ್ಚೀರೇನ್ರಿ?"

 ಅವರು ತಲೆ ಬಗ್ಗಿಸಿ ಏನನ್ನೋ ಎಳೆದದ್ದು ಕಂಡಿತು. ಆಮೇಲೆ, ಬೇರೆ ಯಾರದೋ ಎನ್ನುವಂಥ ದನಿಯಲ್ಲಿ ಹೇಳಿದರು: "ಮುಚ್ಚಿದೆ. ಈಗ ಮುಚ್ಚಿದೆ."

ಪೂರ್ತಿ ತೆರೆದ ಥ್ರಾಟಲಿನಲ್ಲಿ ಎಂಜಿನ್ ಹೊತ್ತಿದ್ದರೆ ವಿಮಾನ ಅಡ್ಡಗಟ್ಟೆ ಹಾರಿ ನೇರ ನನ್ನ ಮೇಲೆ ಬರುತ್ತಿತ್ತು. ನನಗದು ಗೊತ್ತಿತ್ತು. ನೋವಿನಲ್ಲೂ ಅವರಿಗೆ ಗೊತ್ತಾಗಿತ್ತು.  ಬಗ್ಗಿ ತೊಡೆಯ ಮೇಲೆ ಕೈಯೂರಿ ನಿಂತೆ. ಯಾರೂ ಅವಸರ ಮಾಡಲಿಲ್ಲ.

"ಮೊದಲಿಂದ ಮಾಡೋಣ," ಎಂದರು ಅವರು. "ಒಂದೂ ಬಿಡೋದು ಬೇಡ."

ಮೊದಲಿನಿಂದ ಮಾಡಿದೆವು. ಸ್ವಿಚ್ ಆಫ್. ಟಕ್ ಕೇಳಿಸಿತು. ಥ್ರಾಟಲ್ ಸೆಟ್. ಕಾಂಟ್ಯಾಕ್ಟ್. ಎಳೆದು ತಿರುಗಿದೆ. ಬೆನ್ನ ಹಿಂದೆ ಗಾಳಿ ಸೀಳಿಕೊಂಡು ಎಂಜಿನ್ ಹೊತ್ತಿಕೊಂಡಿತು. ನಿಲ್ಲದೆ, ಹಿಂದೆ ನೋಡದೆ ನಡೆದುಹೋಗಿ ಜನರ ನಡುವೆ ಸೇರಿದ ಮೇಲೇ ತಿರುಗಿ ನೋಡಿದ್ದು. ಪಂಖ ಇದ್ದ ಜಾಗದಲ್ಲಿ ಪಂಖ ಕಾಣುತ್ತಿರಲಿಲ್ಲ, ಬರೀ ಹೊಳಪು.

ಅಡ್ಡಗಟ್ಟೆ ಎಳೆದರು. ವಿಮಾನ ಓಡಿತು, ಕುಪ್ಪಳಿಸಿತು, ಏಳಲಿಲ್ಲ, ಇನ್ನೊಮ್ಮೆ ಕುಪ್ಪಳಿಸಿ ಎದ್ದಿತು. ಬಯಲಿನ ಕೊನೆಯ ಹುಣಸೆಮರವನ್ನು ಹೇಗೋ ದಾಟಿ ಮೋಡದ ಕೆಳಗೆ ಉತ್ತರಕ್ಕೆ ಓರೆಯಾಗಿ ಹೋಯಿತು. ಜರಿ ಕೆಲಸಗಾರನ ಹೆಂಡತಿ ಬಂದು ಸರವನ್ನು ನನ್ನ ಕೊರಳಿಗೆ ಹಾಕಿದಳು. ಅವಳ ಕೈ ನನ್ನ ಕೈಗಿಂತ ಗಟ್ಟಿಯಾಗಿತ್ತು.

ನಿಜವಾದ ಭಯ ಆಮೇಲೆ ಬಂತು. ಟೆಲಿಗ್ರಾಂ ಇಲ್ಲ, ಟೆಲಿಫೋನ್ ಇಲ್ಲ. ಮುರಿದ ಕೈಯ ಒಬ್ಬ ಮನುಷ್ಯನನ್ನು ಮಳೆಯೊಳಗೆ ಕಳಿಸಿದ್ದು ನನ್ನ ಕೈ.  ಕಾಂಪೌಂಡರ್ ಸೀರಂ ಆಂಪ್ಯೂಲ್ ಒಡೆದುಕೊಡುತ್ತ ಹೋದ, ನಾನು ಚುಚ್ಚುತ್ತ ಹೋದೆ. ಎಂಜಿನ್ ಸದ್ದೆಂದು ತಲೆಯೆತ್ತಿದಾಗಲೆಲ್ಲ ಅದು ನೀರಿನ ಸದ್ದಾಗಿರುತ್ತಿತ್ತು.

ಮರುದಿನ ಬಿಸಿಲೇರಿದ ಮೇಲೆ ಅದೇ ವಿಮಾನ ಬಂದಿಳಿಯಿತು. ಬೇರೆ ಪೈಲಟ್, ಪಾರ್ಸಿ ಯುವಕ. ಮುಂದಿನ ಸೀಟಿನಿಂದ ಇನ್ನೊಬ್ಬ ಡಾಕ್ಟರು ಇಳಿದರು, ನನ್ನ ಬದಲಿಗೆ. ಕರುಳಿನ ಒಂದು ತುಂಡು ಕತ್ತರಿಸಬೇಕಾಯಿತು, ರೋಗಿ ಬದುಕಿದ್ದಾನೆ ಎಂದು ಅವರು ಹೇಳಿದರು. ಕ್ಯಾಪ್ಟನ್ ವಿಮಾನವನ್ನು ನೆಟ್ಟಗೆ ಇಳಿಸಿದರಂತೆ, ಆದರೆ ತಾವಾಗಿ ಹೊರಬರಲು ಆಗಲಿಲ್ಲವಂತೆ. ಜರಿ ಕೆಲಸಗಾರನ ಹೆಂಡತಿಗೆ ಓಡಿಹೋಗಿ ಹೇಳಿದೆ. ಅವಳು ನೆಲದ ಮೇಲೆ ಕುಳಿತು ಮೊದಲ ಬಾರಿಗೆ ಅತ್ತಳು.

ಪಾರ್ಸಿ ಪೈಲಟ್ ಎಂಜಿನ್ ಸದ್ದನ್ನು ಮೀರಿ ಇಂಗ್ಲಿಷಿನಲ್ಲಿ ಕೂಗಿದ: ಆಫ್ ಮಾಡಿ ಚಹಾ ಕುಡಿಯುತ್ತೇನೆ, ಹೊರಡುವಾಗ ನೀವು ಶುರು ಮಾಡಿಕೊಡುತ್ತೀರಂತಲ್ಲ, ಕ್ಯಾಪ್ಟನ್ ಹೇಳಿದರು.

"ಇಲ್ಲ," ಎಂದೆ. "ಇವತ್ತು ಯಾರೂ ಸಾಯುತ್ತಿಲ್ಲ. ದಯವಿಟ್ಟು ಆಫ್ ಮಾಡಬೇಡಿ."

ಅವನು ನನ್ನ ಮುಖ ನೋಡಿದ, ಚಹಾದ ಮಾತು ಬಿಟ್ಟ. ಪಂಖದಿಂದ ಆದಷ್ಟು ದೂರ, ರೆಕ್ಕೆಯ ಹಿಂದಿನಿಂದ ಸುತ್ತಿಬಂದು ಹತ್ತಿದೆ.

ವಡೋದರೆಯಲ್ಲಿ ಮೊದಲು ಮನೆಗೆ ಹೋಗಿ ಮಗಳನ್ನು ಎತ್ತಿಕೊಂಡೆ. ಆಮೇಲೆ ವಾರ್ಡಿಗೆ ಹೋದೆ. ಜರಿ ಕೆಲಸಗಾರ ಮೂಗಿನಲ್ಲಿ ನಳಿಕೆ ಹಾಕಿಸಿಕೊಂಡು ಮಲಗಿದ್ದ. ನಾಡಿ ನೋಡಿದೆ, ಚೆನ್ನಾಗಿತ್ತು. ಹೆಂಡತಿ ಕ್ಷೇಮವೆಂದು ತಿಳಿಸಿದೆ. ಅವನು ಏನೋ ಹೇಳಲು ಕೈಸನ್ನೆ ಮಾಡಿದ. ಬಗ್ಗಿದೆ.

"ಸೀಟಿನ ಪಕ್ಕದಿಂದ ನಿಮ್ಮನ್ನೇ ನೋಡ್ತಿದ್ದೆ, ಬೇನ್," ಎಂದ ಗುಜರಾತಿಯಲ್ಲಿ, ಒಂದೊಂದೇ ಮಾತು ಎಣಿಸಿದಂತೆ. "ನಿಮ್ಮ ಮುಖ ಹೇಗಿತ್ತು ಅಂದರೆ, ನನಗೆ ಹೊಟ್ಟೆನೋವೇ ಮರೆತುಹೋಯಿತು. ದೇವರೇ, ನನಗಿಂತ ಮೊದಲು ಈ ತಾಯಿ ಹೋಗ್ತಾಳೆ ಅಂದುಕೊಂಡೆ. ಆಮೇಲೆ ನಿಮಗೋಸ್ಕರವೇ ಜಪ ಮಾಡ್ತಾ ಇದ್ದೆ."